ಬೆನ್ನು ಮೈದಾನಕ್ಕೆ, ಮುಖ ಜನಕ್ಕೆ

ಸುನಿಲ್ ಚೆಟ್ರಿ ಗೋಲು ಹೊಡೆಯುವ ಕ್ಷಣ ಕಂಠೀರವ ಕ್ರೀಡಾಂಗಣದಲ್ಲಿ ಅದನ್ನು ನೋಡದವನು ಒಬ್ಬನಾದರೂ ಇರುತ್ತಾನೆ. ಅವನೇ ಕ್ಯಾಪೊ. ಸ್ಟ್ಯಾಂಡಿನ ಮುಂದಿನ ಕಂಬಿಯ ಹತ್ತಿರ ಮೈದಾನಕ್ಕೆ ಬೆನ್ನು ಹಾಕಿ, ಮುಖವನ್ನು ನಮ್ಮ ಕಡೆ ತಿರುಗಿಸಿ ನಿಂತಿರುತ್ತಾನೆ. ತೊಂಬತ್ತು ನಿಮಿಷ ಅವನಿಗೆ ಕಾಣುವುದು ಜನ ಮಾತ್ರ. ಆಟ ಎತ್ತ ಸಾಗಿದೆ ಎಂದು ಅವನು ನಮ್ಮ ಮುಖ ನೋಡಿಯೇ ತಿಳಿಯುತ್ತಾನೆ. ಎಲ್ಲರೂ ತುದಿಗಾಲಲ್ಲಿ ಎದ್ದರೆ ನಮ್ಮವರು ಮುನ್ನುಗ್ಗಿದ್ದಾರೆ, ಕೈಗಳು ತಲೆಯ ಮೇಲೆ ಹೋದರೆ ಚೆಂಡು ಕಂಬಕ್ಕೆ ಬಡಿದಿದೆ. ತಂಡ ಎರಡು ಗೋಲು ಹಿಂದಿರುವಾಗಲೂ ಕೂಗು ನಿಲ್ಲದಂತೆ ನೋಡಿಕೊಳ್ಳುವುದು ಅವನ ಪಾಲಿನ ಕೆಲಸ.

ನಾನೂ ಕೆಲವು ಸೀಸನ್ ಆ ಜಾಗದಲ್ಲಿ ನಿಂತಿದ್ದೇನೆ. ಗಂಟಲು ಸಹಕರಿಸದಾದಾಗ ಕಿರಿಯರಿಗೆ ಬಿಟ್ಟುಕೊಟ್ಟು ಹಿಂದಿನ ಕೆಲಸಗಳಿಗೆ ಸರಿದೆ. ಟಿವಿ ತೋರಿಸುವುದು ಡ್ರಮ್ಮನ್ನು, ಬಾವುಟವನ್ನು, ಆಟ ಮುಗಿದ ಮೇಲೆ ಆಟಗಾರರು ನಮ್ಮ ಮುಂದೆ ಸಾಲಾಗಿ ನಿಂತು ಚಪ್ಪಾಳೆ ತಟ್ಟುವುದನ್ನು. ಆದರೆ ಅಭಿಮಾನಿಗಳ ಬಳಗವೊಂದು ಹತ್ತು ವರ್ಷ ದಾಟಿ ಬಾಳುವುದು ಟಿವಿಗೆ ಕಾಣದ ದುಡಿಮೆಯಿಂದ. ಇಲ್ಲಿ ಬರೆಯುತ್ತಿರುವುದು ಬೆಂಗಳೂರು ಎಫ್‌ಸಿಯ ಅಭಿಮಾನಿಗಳಾದ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದ ಅಧಿಕೃತ ಮಾತಲ್ಲ, ಆ ಸ್ಟ್ಯಾಂಡಿನಲ್ಲಿ ದುಡಿದ ಒಬ್ಬನ ಮಾತು.

ನಾನು ಹುಟ್ಟಿ ಬೆಳೆದದ್ದು ಆಸ್ಟಿನ್ ಟೌನಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮತ್ತು ಉರ್ದು, ಮೈದಾನದಲ್ಲಿ ಮೂರೂ ಬೆರೆತ ಕೂಗು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು ಪಕ್ಕದ ಗೌತಮಪುರ ಸೇರಿದ ಹಳೆಯ ದಂಡುಪ್ರದೇಶಕ್ಕೆ ಫುಟ್‌ಬಾಲ್ ನಿನ್ನೆ ಮೊನ್ನೆ ಬಂದ ಆಟವಲ್ಲ. ಮುಂಬೈಯ ರೋವರ್ಸ್ ಕಪ್ ವರ್ಷಗಟ್ಟಲೆ ಬ್ರಿಟಿಷ್ ಸೈನ್ಯದ ತಂಡಗಳ ಪಾಲಾಗುತ್ತಿತ್ತು. 1937ರಲ್ಲಿ ಅದನ್ನು ಕಸಿದುಕೊಂಡ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್, ಮರುವರ್ಷವೂ ಕಪ್ ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಊರಿನವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇವತ್ತಿಗೂ ನಿಂತಿದೆ. ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಐಟಿಐ, ಎಚ್‌ಎಎಲ್ ತಂಡಗಳ ಲೀಗ್ ಮ್ಯಾಚಿಗೆ ಕರೆದೊಯ್ಯುತ್ತಿದ್ದರು. ಆಗ ನೋಡುವವರು ಬೇಕಾದಷ್ಟು ಜನ ಇದ್ದರು. ಎಲ್ಲರೂ ಒಟ್ಟಿಗೆ ನಿಂತು ನಮ್ಮದು ಎಂದು ಕೂಗುವಂಥ ತಂಡವೊಂದು ಮಾತ್ರ ಇರಲಿಲ್ಲ.

ಅದು ಸಿಕ್ಕಿದ್ದು 2013ರಲ್ಲಿ, ಜೆಎಸ್‌ಡಬ್ಲ್ಯೂ ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿದಾಗ. ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಮೋಹನ್ ಬಾಗಾನ್ ವಿರುದ್ಧ ಮೊದಲ ಆಟ. ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದ, ಪಂದ್ಯ 1-1ರಲ್ಲಿ ಮುಗಿಯಿತು. ಪುಟ್ಟ ಸ್ಟೇಡಿಯಂ, ಸ್ಟ್ಯಾಂಡಿನ ಕೆಳಗಿನ ಮೆಟ್ಟಿಲಿನಲ್ಲಿ ಕೂತರೆ ಆಟಗಾರರು ಪರಸ್ಪರ ಕೂಗಿಕೊಳ್ಳುವುದು ಕಿವಿಗೆ ಬೀಳುತ್ತಿತ್ತು. ಅಲ್ಲಿನ ಪಶ್ಚಿಮದ ಸ್ಟ್ಯಾಂಡಿನಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದ ಒಂದಿಷ್ಟು ಹುಡುಗರು ಸೇರಿ ಹಾಡತೊಡಗಿದರು. ಆ ಗುಂಪೇ ವೆಸ್ಟ್ ಬ್ಲಾಕ್ ಬ್ಲೂಸ್. ಮೊದಲ ಸೀಸನ್ನಿನಲ್ಲೇ, 2014ರ ಏಪ್ರಿಲ್‌ನಲ್ಲಿ, ತಂಡ ಗೋವೆಯಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಐ-ಲೀಗ್ ಗೆದ್ದುಬಿಟ್ಟಿತು. ಮುಂದೆ ಕಂಠೀರವಕ್ಕೆ ಹೋದಾಗ ನಮಗೂ ಮೈದಾನಕ್ಕೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್ ಬಂತು. ಅಷ್ಟು ದೂರ ದಾಟಿ ದನಿ ಆಟಗಾರರನ್ನು ಮುಟ್ಟಬೇಕಾದರೆ ಎಲ್ಲರೂ ಒಂದೇ ಹಾಡನ್ನು ಒಂದೇ ಲಯದಲ್ಲಿ ಹಾಡಬೇಕು. ಬಳಗಕ್ಕೆ ಶಿಸ್ತು ಬಂದದ್ದು ಅಲ್ಲಿಂದಲೇ ಎಂದು ನನ್ನ ನಂಬಿಕೆ.

ಟಿಫೊ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಇಡೀ ಸ್ಟ್ಯಾಂಡನ್ನು ಮುಚ್ಚುವ ಚಿತ್ರಪಟ ಅದು. ನೋಡುವವರಿಗೆ ಎರಡು ನಿಮಿಷದ ಬೆರಗು, ಮಾಡುವವರಿಗೆ ವಾರಗಳ ಕೆಲಸ. ಚಿಕ್ಕಪೇಟೆಯಿಂದ ಬಿಳಿ ಕೋರಾ ಬಟ್ಟೆ ತಂದು, ಟೈಲರ್ ಹತ್ತಿರ ಪಟ್ಟಿಪಟ್ಟಿಯಾಗಿ ಜೋಡಿಸಿ ಹೊಲಿಸಬೇಕು. ಅದನ್ನು ಹಾಸಲು ಅಷ್ಟೇ ದೊಡ್ಡ ನೆಲ ಬೇಕು. ಯಾರದೋ ಮಹಡಿ, ಯಾವುದೋ ಖಾಲಿ ಗೋಡೌನ್. ಕಾಗದದ ಮೇಲಿನ ಚಿತ್ರಕ್ಕೆ ಚೌಕ ಎಳೆದು, ದಾರಕ್ಕೆ ಬಣ್ಣದ ಪುಡಿ ಸವರಿ ಬಟ್ಟೆಯ ಮೇಲೆ ಮೀಟಿ ಅಷ್ಟೇ ಚೌಕ ಮೂಡಿಸಿ, ಒಂದೊಂದೇ ಚೌಕ ತುಂಬುತ್ತಾ ಹೋಗುತ್ತೇವೆ. ಆಟಗಾರನ ಮೂಗನ್ನು ಬರೆಯುತ್ತಿರುವ ಹುಡುಗನಿಗೆ ಅದು ಮೂಗು ಎಂದು ಗೊತ್ತಾಗುವುದಿಲ್ಲ. ಅವನಿಗೆ ಕಾಣುವುದು ಒಂದು ಕಂದು ಗೆರೆ ಮಾತ್ರ. ಎಮಲ್ಷನ್ ಗಟ್ಟಿಯಾದರೆ ಮಡಿಸಿದಲ್ಲಿ ಬಿರುಕು ಬಿಡುತ್ತದೆ, ನೀರಾದರೆ ಪಕ್ಕದ ಚೌಕಕ್ಕೆ ಹರಿಯುತ್ತದೆ. ಕೊನೆಗೆ ಮಡಿಸುವುದೇ ದೊಡ್ಡ ವಿದ್ಯೆ. ಸೀರೆಯ ನೆರಿಗೆ ಹಿಡಿದಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿದರೆ ಮಾತ್ರ ಮೇಲಿನ ಸಾಲಿನವರು ಎಳೆದಾಗ ಸಿಕ್ಕಿಲ್ಲದೆ ಬಿಚ್ಚಿಕೊಳ್ಳುತ್ತದೆ. ಆಟಗಾರರು ಸುರಂಗದಿಂದ ಹೊರಬರುವಾಗ ಸನ್ನೆ, ಬಟ್ಟೆ ಮೇಲೇರುತ್ತದೆ. ಅದರ ಕೆಳಗೆ ಕೈಯೆತ್ತಿ ಹಿಡಿದವರಿಗೆ ತಮ್ಮ ಚಿತ್ರ ಕಾಣುವುದಿಲ್ಲ. ಕೆಳಗೆ ಸೆಕೆ, ಬಣ್ಣದ ವಾಸನೆ, ಇನ್ನೂ ನಿಲ್ಲದ ಹಾಡು. ನನಗೆ ಫುಟ್‌ಬಾಲಿನಲ್ಲಿ ಅತಿ ಪ್ರಿಯವಾದ ಜಾಗ ಅದೇ.

ಉಳಿದ ಕೆಲಸಗಳಲ್ಲಿ ಇಂಥ ಸೊಗಸಿಲ್ಲ. ಡ್ರಮ್ ಒಳಗೆ ಒಯ್ಯಲು ಅನುಮತಿ ಕೇಳಬೇಕು. ಹೊರ ಊರಿನ ಮ್ಯಾಚಿಗೆ ರೈಲು ಟಿಕೆಟ್ ಒಟ್ಟಿಗೆ ಮಾಡಿಸಬೇಕು. ದುಡ್ಡು ಹಾಕಿದವರ ಲೆಕ್ಕ ಎಲ್ಲರಿಗೂ ಕಾಣುವಂತೆ ಇಡಬೇಕು. ಲೆಕ್ಕದ ಮಾತು ನೂರು ಸಲ ಹೇಳಿದರೂ ಕಡಿಮೆಯೇ. ನಾನು ಕಂಡಂತೆ ಬಳಗಗಳು ಒಡೆಯುವುದು ತಂಡ ಸೋತಾಗ ಅಲ್ಲ, ಜೆರ್ಸಿ ದುಡ್ಡಿನ ಲೆಕ್ಕ ತಪ್ಪಿದಾಗ.

ಬೈಗುಳದ ವಿಚಾರಕ್ಕೆ ಬರುತ್ತೇನೆ. ಎದುರಾಳಿ ಗೋಲ್‌ಕೀಪರ್ ಚೆಂಡು ಒದೆಯುವಾಗ ಹೊಲಸು ಮಾತು ಕೂಗುವ ಚಟ ಜಗತ್ತಿನ ಎಷ್ಟೋ ಸ್ಟ್ಯಾಂಡುಗಳಲ್ಲಿ ಇದೆ. ಇದೇ ಕಾರಣಕ್ಕೆ ಫಿಫಾ ಮೆಕ್ಸಿಕೊದ ಫುಟ್‌ಬಾಲ್ ಸಂಸ್ಥೆಗೆ ಮತ್ತೆ ಮತ್ತೆ ದಂಡ ಹಾಕಿದೆ. ಒಮ್ಮೆ ಅರ್ಧ ಸಮಯದಲ್ಲಿ ಒಬ್ಬ ತಾಯಿ ನನ್ನ ಹತ್ತಿರ ಬಂದು, “ಅಣ್ಣಾ, ನನ್ ಮಗಳಿಗೆ ಚೆಟ್ರಿ ಅಂದ್ರೆ ಪ್ರಾಣ. ಹಾಡೋಕೆ ಅಂತಾನೇ ಇಲ್ಲಿಗೆ ಕರ್ಕೊಂಡ್ ಬಂದೆ. ಈ ಮಾತು ಕೇಳಿಸ್ಕೊಂಡು ಅವಳನ್ನ ಇಲ್ಲಿ ಹೆಂಗೆ ಕೂರ್ಸ್ಲಿ?” ಎಂದರು. ಆ ಮಗು ನನ್ನ ಕೈಯಲ್ಲಿದ್ದ ಬಾವುಟವನ್ನೇ ನೋಡುತ್ತಿತ್ತು. ಕೋಪ ಮಾಡಿಕೊಂಡು ಯಾರನ್ನೂ ಹೊರಗೆ ಹಾಕಲಿಲ್ಲ. ಆ ಕ್ಷಣಕ್ಕೆ ಸರಿಯಾಗಿ ಬೇರೆ ಹಾಡು ಎತ್ತಿಕೊಡುವುದನ್ನು ಅಭ್ಯಾಸ ಮಾಡಿಕೊಂಡೆವು. ಡ್ರಮ್ ಮೊದಲೇ ಶುರುವಾದರೆ ಬೈಗುಳಕ್ಕೆ ಜಾಗ ಇರುವುದಿಲ್ಲ. ಪೂರ್ತಿ ನಿಂತಿದೆ ಎನ್ನಲಾರೆ, ಹೊಸಬರು ಬಂದಂತೆಲ್ಲ ಮತ್ತೆ ಹೇಳಿಕೊಡಬೇಕು. ಆ ತಾಯಿ ಮಗಳು ಮಾತ್ರ ಈಗಲೂ ಬರುತ್ತಾರೆ.

2016ರ ಅಕ್ಟೋಬರ್ 19ರ ರಾತ್ರಿಯನ್ನು ನೆನೆಯದೆ ಮುಂದೆ ಹೋಗಲಾರೆ. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್. ಅವರ ಊರಿನಲ್ಲಿ ನಡೆದ ಮೊದಲ ಲೆಗ್ 1-1. ಇಲ್ಲಿ ಮೊದಲ ಗೋಲು ಅವರದೇ. ಕ್ರೀಡಾಂಗಣ ಒಮ್ಮೆಲೇ ತಣ್ಣಗಾಯಿತು. ಆ ಹೊತ್ತಿನಲ್ಲಿ ಹಾಡು ನಿಲ್ಲಿಸದೇ ಇದ್ದದ್ದು ನಮ್ಮ ಸ್ಟ್ಯಾಂಡ್. ಆಮೇಲೆ ಚೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡ ಒಂದೇ ಗೋಲಿನಿಂದ ನಮ್ಮನ್ನು ಸೋಲಿಸಿತು. ಆ ಸೋಲಿನ ನೋವು ಇನ್ನೂ ಇದೆ. ಆದರೆ ಹಾಡಿನಿಂದ ಗೋಲು ಹುಟ್ಟುತ್ತದೆಯೇ ಎಂದು ಕೇಳುವವರಿಗೆ ಆ ಅಕ್ಟೋಬರ್ ರಾತ್ರಿಯನ್ನೇ ತೋರಿಸುತ್ತೇನೆ.

ಈಗ ಹೇಳಲೇಬೇಕಾದ ಕಷ್ಟದ ಮಾತು. 1980ರ ಆಗಸ್ಟ್ 16ರಂದು ಕೋಲ್ಕತಾದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ಗಲಭೆ, ಕಾಲ್ತುಳಿತದಲ್ಲಿ 16 ಅಭಿಮಾನಿಗಳು ಸತ್ತರು. 2025ರ ಜೂನ್ 4ರಂದು ನಮ್ಮದೇ ಊರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ಕಪ್ಪಿನ ಸಂಭ್ರಮದಲ್ಲಿ 11 ಜನ ಪ್ರಾಣ ಬಿಟ್ಟರು. ಕಂಠೀರವದಿಂದ ಅಲ್ಲಿಗೆ ನಡೆದೇ ಹೋಗಬಹುದು. ಆ ದಿನದಿಂದ ನನಗೆ ಸ್ಟ್ಯಾಂಡ್ ನೋಡುವ ಕಣ್ಣೇ ಬದಲಾಗಿದೆ. ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ, ಮೆಟ್ಟಿಲ ದಾರಿಯಲ್ಲಿ ಯಾರಾದರೂ ಕೂತಿದ್ದಾರೆಯೇ, ಮಕ್ಕಳ ಜೊತೆ ಬಂದವರು ಯಾವ ಕಡೆ ಇದ್ದಾರೆ ಎಂದು ಮೊದಲು ನೋಡುತ್ತೇನೆ, ಆಮೇಲೆ ಆಟ. ಜನಜಂಗುಳಿಯನ್ನು ಪೊಲೀಸರು ಹೊರಗಿನಿಂದ ನೋಡುತ್ತಾರೆ, ಅದರೊಳಗೆ ನಿಂತಿರುವವರು ನಾವು. ನೂಕುನುಗ್ಗಲು ಎಲ್ಲಿ ಶುರುವಾಗುತ್ತಿದೆ ಎಂಬುದು ಮೊದಲು ಗೊತ್ತಾಗುವುದು ನಮಗೆ. ಕ್ಯಾಪೊ ಕೈ ಎತ್ತಿ “ಒಂದು ಹೆಜ್ಜೆ ಹಿಂದಕ್ಕೆ” ಎಂದರೆ ಜನ ಕೇಳುತ್ತಾರೆ, ಏಕೆಂದರೆ ಅಷ್ಟು ಹೊತ್ತು ಅವನ ಮಾತಿಗೆ ದನಿಗೂಡಿಸಿದವರು ಅವರೇ. ಭದ್ರತೆಯ ಸಭೆಗೆ ಅಭಿಮಾನಿ ಬಳಗವನ್ನು ಕರೆಯಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಬಳಗಕ್ಕೆ ಇನ್ನೊಂದು ಆತಂಕವೂ ಇದೆ. ಭಾರತದಲ್ಲಿ ಕ್ಲಬ್ಬಿನ ಆಯುಸ್ಸು ಮಾಲೀಕರ ಮನಸ್ಸಿನ ಮೇಲೆ ನಿಂತಿದೆ. 2010ರಲ್ಲಿ ಮಹೀಂದ್ರಾ ಯುನೈಟೆಡ್ ಮುಚ್ಚಿತು, 2011ರಲ್ಲಿ ಜೆಸಿಟಿ. ಎರಡೂ ರಾಷ್ಟ್ರೀಯ ಲೀಗ್ ಗೆದ್ದ ತಂಡಗಳು. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಹೊಸ ಸೀಸನ್ ತಡೆಹಿಡಿಯಲ್ಪಟ್ಟಿತು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಸಂಬಳವನ್ನೇ ನಿಲ್ಲಿಸಿದ್ದಾಗಿ ಪ್ರಕಟಿಸಿತು. ಆ ವಾರ ಬಳಗದ ಹುಡುಗರು “ಅಣ್ಣಾ, ಟೀಮ್ ಇರುತ್ತಾ?” ಎಂದು ಕೇಳಿದರು. ಕೊಡಲು ಉತ್ತರ ಇರಲಿಲ್ಲ. ಆಗ ನಾನು ಅವರಿಗೆ ಹೇಳಿದ್ದು ವಿಂಬಲ್ಡನ್ ಕಥೆ.

ದಕ್ಷಿಣ ಲಂಡನ್ನಿನ ವಿಂಬಲ್ಡನ್ ಎಫ್‌ಸಿಯನ್ನು ದೂರದ ಮಿಲ್ಟನ್ ಕೀನ್ಸ್ ಊರಿಗೆ ಸಾಗಿಸಲು 2002ರ ಮೇ 28ರಂದು ಅನುಮತಿ ಸಿಕ್ಕಿತು. ಅಭಿಮಾನಿಗಳು ಅತ್ತು ಮನೆಗೆ ಹೋಗಲಿಲ್ಲ. ಜೂನ್ 29ರಂದು ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ ಯಾರು ಬೇಕಾದರೂ ಬನ್ನಿ ಎಂದು ಆಟಗಾರರ ಆಯ್ಕೆ ನಡೆಸಿದರು. ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಇಂಗ್ಲೆಂಡಿನ ಒಂಬತ್ತನೇ ಹಂತದಿಂದ ಶುರುವಾಗಿ, 2011ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗಿಗೆ ಏರಿತು. 2020ರ ನವೆಂಬರ್ 3ರಂದು ವಿಂಬಲ್ಡನ್ನಿನ ಪ್ಲೌ ಲೇನ್‌ನಲ್ಲಿ ತಾವೇ ಕಟ್ಟಿದ ಮೈದಾನದಲ್ಲಿ ಮೊದಲ ಬಾರಿ ಆಡಿದರು. ಕೋವಿಡ್ ಕಾರಣ ಆ ದಿನ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಅಷ್ಟು ವರ್ಷ ಕಾದವರು ಮನೆಯಲ್ಲೇ ಕೂತು ನೋಡಬೇಕಾಯಿತು. ಕ್ಲಬ್ಬಿನ ಹಿಡಿತ ಇಂದಿಗೂ ಅಭಿಮಾನಿಗಳ ಡಾನ್ಸ್ ಟ್ರಸ್ಟ್ ಕೈಯಲ್ಲಿದೆ. ಸದಸ್ಯರಿಗೆ ಒಬ್ಬರಿಗೆ ಒಂದು ಓಟು.

ನಾಳೆ ಬೆಳಗ್ಗೆ ನಾವೂ ಹೀಗೆ ಕ್ಲಬ್ ಕೊಂಡುಬಿಡಬಹುದು ಎಂದು ನಾನು ಹೇಳುತ್ತಿಲ್ಲ. ನಮ್ಮ ಲೀಗಿನ ಖರ್ಚೇ ಬೇರೆ, ಕಾಯಿದೆಯೇ ಬೇರೆ. ಆದರೆ ಅವರು ಒಂದೇ ತಿಂಗಳಲ್ಲಿ ಕ್ಲಬ್ ಕಟ್ಟಲು ಸಾಧ್ಯವಾದದ್ದು ಒಟ್ಟಾಗಿ ಕೆಲಸ ಮಾಡುವ ಅಭ್ಯಾಸ ಅವರಲ್ಲಿ ಮೊದಲೇ ಇದ್ದುದರಿಂದ. ಆದ್ದರಿಂದ ದೇಶದ ಪ್ರತಿ ಅಭಿಮಾನಿ ಬಳಗಕ್ಕೂ ನನ್ನ ಒತ್ತಾಯ ಒಂದೇ, ವಾಟ್ಸಾಪ್ ಗುಂಪಿನಿಂದ ಸಂಘಕ್ಕೆ ಬೆಳೆಯಿರಿ. ನಮ್ಮ ರಾಜ್ಯದಲ್ಲಿ ಅದಕ್ಕೆ 1960ರ ಸಂಘಗಳ ನೋಂದಣಿ ಕಾಯಿದೆ ಇದ್ದೇ ಇದೆ. ಬೈಲಾ ಬರೆಯಿರಿ, ಬ್ಯಾಂಕ್ ಖಾತೆ ತೆರೆಯಿರಿ, ವರ್ಷಕ್ಕೊಮ್ಮೆ ಲೆಕ್ಕ ಆಡಿಟ್ ಮಾಡಿಸಿ ಸದಸ್ಯರ ಮುಂದಿಡಿ. ಪದಾಧಿಕಾರಿಗಳಿಗೆ ಅವಧಿಯ ಮಿತಿ ಹಾಕಿ, ನನ್ನಂಥ ಹಳಬರು ಕುರ್ಚಿಗೆ ಅಂಟಿಕೊಳ್ಳದ ಹಾಗೆ. ಕಮಿಟಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಕಡ್ಡಾಯ ಮಾಡಿ. ಆಮೇಲೆ ಕ್ಲಬ್ಬಿನ ಬಾಗಿಲಿಗೂ ಪೊಲೀಸ್ ಸ್ಟೇಷನ್ನಿಗೂ ಲೆಟರ್‌ಹೆಡ್ ಹಿಡಿದು ಹೋಗಿ, ಟಿಕೆಟ್ ದರ ಏರಿಸುವ ಮೊದಲು, ಗೇಟು ಬದಲಿಸುವ ಮೊದಲು, ಮೈದಾನವನ್ನೇ ಬೇರೆ ಊರಿಗೆ ಒಯ್ಯುವ ಮೊದಲು ನಮ್ಮನ್ನೂ ಕೂರಿಸಿ ಮಾತಾಡಿ ಎಂದು ಕೇಳಿ.