ಶೀಸೆಯ ಆಹಾರವೂ ಮುಚ್ಚಳದ ಪರೀಕ್ಷೆಯೂ

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ಮನೆಗಳಲ್ಲಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿಡುವುದು ಹಿಂದಿನಿಂದ ಬಂದ ಪದ್ಧತಿ. ಅಲ್ಲಿ ಕಾಯನ್ನು ಕಾಪಾಡುವವು ಉಪ್ಪು, ಹುಳಿ, ಎಣ್ಣೆಗಳೇ ಹೊರತು ಮುಚ್ಚಳವಲ್ಲ. ಈಗಲಾದರೋ ಜಾಮು, ಗೊಜ್ಜು ಮೊದಲಾದುವು ಬಿಗಿಮುಚ್ಚಳದ ಗಾಜಿನ ಶೀಸೆಗಳಲ್ಲಿ ಅಂಗಡಿಯಿಂದ ಬರುತ್ತಿವೆ. ಆದಕಾರಣ ಆ ಮುಚ್ಚಳವನ್ನು ಪರೀಕ್ಷಿಸುವ ಬಗೆಯನ್ನು ಗೃಹಸ್ಥರು ಅರಿತಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಆಹಾರವನ್ನು ಶೀಸೆಯಲ್ಲಿ ಬಂಧಿಸಿ ಕುದಿಸಿ ಕಾಪಾಡುವ ವಿದ್ಯೆಯನ್ನು ಫ್ರಾನ್ಸ್ ದೇಶದ ನಿಕೊಲಾ ಅಪೇರನು ೧೮೧೦ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಕೆಡುವಿಕೆಗೆ ಸೂಕ್ಷ್ಮಜೀವಿಗಳು ಕಾರಣವೆಂಬುದನ್ನು ಲೂಯಿ ಪಾಸ್ತರನು ತೋರಿಸಿಕೊಟ್ಟದ್ದು ಸುಮಾರು ಅರ್ಧ ಶತಮಾನದ ಬಳಿಕ.

ಬಿಸಿ ಪದಾರ್ಥದಿಂದೇಳುವ ಹಬೆಯು ಶೀಸೆಯೊಳಗಿನ ಗಾಳಿಯನ್ನು ಹೊರಗಟ್ಟುತ್ತದೆ. ಮುಚ್ಚಿದ ಮೇಲೆ ತಣಿದ ಹಬೆಯು ನೀರಾಗುತ್ತದೆ. ಒಳಗಿನ ಒತ್ತಡವು ತಗ್ಗಿ, ಹೊರಗಿನ ಗಾಳಿಯು ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಸಂಸ್ಕೃತದಲ್ಲಿ ನಿರ್ವಾತವೆಂದರೆ ಗಾಳಿ ಬೀಸದ ಸ್ಥಳ. ಇಂದಿನ ಶಾಸ್ತ್ರದಲ್ಲಿ ಗಾಳಿಯನ್ನೇ ತೆಗೆದ ಸ್ಥಳ.

ಪರೀಕ್ಷೆಗೆ ಕಣ್ಣು, ಬೆರಳು, ಕಿವಿಗಳೇ ಸಾಕು. ಮುಚ್ಚಳದ ನಡುಭಾಗವು ತುಸು ತಗ್ಗಿರಬೇಕು. ಬೆರಳಿನಿಂದ ಒತ್ತಿದರೆ ಅದು ಅಲುಗಕೂಡದು. ಟಕ್ಕೆಂದು ಕೆಳಗಿಳಿದು ಮೇಲೇಳುವುದಾದರೆ ಬಂಧವು ಕೆಟ್ಟಿದೆ. ಚಮಚದಿಂದ ತಟ್ಟಿದರೆ ಸ್ಪಷ್ಟವಾದ ನಾದ ಬರಬೇಕು. ಮೊದ್ದು ಸದ್ದಾದರೆ ಸಂಶಯಪಡಬೇಕು, ಆಹಾರವು ಮುಚ್ಚಳಕ್ಕೆ ತಾಗಿದ್ದರೂ ಹಾಗಾಗುವುದುಂಟು. ತೆರೆಯುವಾಗ ಗಾಳಿ ಒಳಹೊಗುವ ಸದ್ದು ಕೇಳುವುದು ಶುಭಲಕ್ಷಣ. ಎಲ್ಲ ಶೀಸೆಗಳೂ ಹೀಗೆ ಬಂಧಿಸಿದುವಲ್ಲವೆಂಬುದನ್ನೂ ನೆನೆಯಬೇಕು. ಮನೆಯಲ್ಲಿ ತುಂಬಿದ ಶೀಸೆಯನ್ನು ೧೨ರಿಂದ ೨೪ ಗಂಟೆ ತಣಿಯಲು ಬಿಟ್ಟು ಪರೀಕ್ಷಿಸತಕ್ಕದ್ದು. ಮುಚ್ಚಳವು ಹಿಡಿಯದಿದ್ದರೆ ತಂಪುಪೆಟ್ಟಿಗೆಯಲ್ಲಿರಿಸಿ ಬೇಗನೆ ಬಳಸಬೇಕು.

ಇಷ್ಟರಿಂದಲೇ ನಿಶ್ಚಿಂತರಾಗಲಾಗದು. ಬೊಟುಲಿನಂ ಎಂಬ ವಿಷಕ್ರಿಮಿಯು ಗಾಳಿಯಿಲ್ಲದೆಡೆಯಲ್ಲಿಯೇ ಬೆಳೆಯತಕ್ಕದ್ದು. ಸಾಕಷ್ಟು ಹುಳಿಯಿದ್ದಲ್ಲಿ ಅದು ಬೆಳೆಯದು. ಹುಳಿಯಿಲ್ಲದ ತರಕಾರಿ, ಬೇಳೆಗಳಲ್ಲಿ ಅದರ ಬೀಜಕಗಳು ಕುದಿನೀರಿಗೂ ಸಾಯದೆ ಉಳಿಯಬಲ್ಲವು. ಅವನ್ನು ಕೊಲ್ಲಲು ಕಾರ್ಖಾನೆಗಳಲ್ಲಿ ಒತ್ತಡದ ಹಬೆಯಿಂದ ಸುಮಾರು ೧೨೧ ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಕೊಡುತ್ತಾರೆ. ಸಮುದ್ರಮಟ್ಟಕ್ಕಿಂತ ಸುಮಾರು ೭೦೦ ಮೀಟರಿಗೂ ಎತ್ತರದಲ್ಲಿರುವ ನಮ್ಮ ಕಡೂರಿನ ಸೀಮೆಯಲ್ಲಿ ನೀರು ೧೦೦ ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಆದುದರಿಂದ ಇಂಥವನ್ನು ಮನೆಯಲ್ಲಿ ಬರಿದೇ ಕುದಿಸಿ ಶೀಸೆಯಲ್ಲಿ ಕೂಡಿಡುವ ಸಾಹಸವು ಬೇಡ.

ಮುಚ್ಚಳವು ಉಬ್ಬಿದ್ದರೆ, ತೆರೆದಾಗ ರಸವು ಚಿಮ್ಮಿದರೆ, ಗುಳ್ಳೆಗಳೆದ್ದರೆ ರುಚಿ ನೋಡಲೂ ಕೂಡದು. ಈ ವಿಷಕ್ಕೆ ವಾಸನೆಯೂ ರುಚಿಯೂ ಇಲ್ಲದಿರಬಹುದು. ಉಂಡವರಿಗೆ ದೃಷ್ಟಿ ಎರಡಾಗಿ ಕಂಡರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಅನ್ನವನ್ನು ಚೆಲ್ಲಬಾರದೆಂಬುದು ನಮ್ಮ ಹಿರಿಯರ ಮಾತು. ಅದನ್ನು ನೆನೆದು ಕೆಟ್ಟ ಶೀಸೆಯ ಪದಾರ್ಥವನ್ನು ಕೊಟ್ಟಿಗೆಗೆ ಒಯ್ಯುವವರುಂಟು. ದನಗಳಿಗೂ ಈ ವಿಷವು ಮಾರಕವೇ. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದ ಸೀಮೆಯವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಪ್ರಾಣವನ್ನು ಪೋಷಿಸುವುದಾದರೆ ಅನ್ನ. ಅದನ್ನು ತೆಗೆಯುವಂಥದನ್ನು ಶೀಸೆಸಹಿತ ಬಿಗಿಯಾಗಿ ಕಟ್ಟಿ, ಮಕ್ಕಳಿಗೂ ಪಶುಗಳಿಗೂ ಸಿಗದಂತೆ ಬಿಸಾಡುವುದರಲ್ಲಿ ದೋಷವಿಲ್ಲ.