ಗದ್ವಾಲ ನೋಡಿ, ಜೂರಾಲದ ದಂಡೆಯಲ್ಲಿ ಊಟ: ದೋಣಿ ಮೇಲೆ ಯಾಕೆ ಬೇಡ?



ಸಂಜೆ ಪ್ರವಾಸದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೇಳಿಬರುವ ಪ್ರಶ್ನೆ ಒಂದೇ. "ಪಣಜಿಯಲ್ಲಿ, ವಿಜಯವಾಡದಲ್ಲಿ ಊರು ತೋರಿಸಿ, ಕತ್ತಲಾದ ಮೇಲೆ ನದಿಯಲ್ಲಿ ದೋಣಿ ಮೇಲೆ ಊಟ ಹಾಕುತ್ತಾರಲ್ಲ, ನಮ್ಮ ಜೂರಾಲದಲ್ಲಿ ಅದು ಯಾಕಾಗುವುದಿಲ್ಲ? ಇಷ್ಟು ದೊಡ್ಡ ಹಿನ್ನೀರು ಇದೆಯಲ್ಲ?" ಕೇಳಬೇಕಾದ ಪ್ರಶ್ನೆಯೇ. ನಾರಾಯಣಪೇಟೆ, ಮಕ್ತಲ್, ಗದ್ವಾಲ, ರಾಯಚೂರು ಕಡೆಯ ಸದಸ್ಯರೆಲ್ಲರಿಗೂ ಅರ್ಧ ದಿನದಲ್ಲಿ ಮುಗಿಯುವ ಸುತ್ತಾಟ ಇದು. ಸಂಜೆಯನ್ನು ಹೇಗೆ ಹೊಂದಿಸಿಕೊಳ್ಳಬೇಕು, ಊಟವನ್ನು ದಂಡೆಯಲ್ಲೇ ಯಾಕೆ ಇಟ್ಟುಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರವಾಗಿ ಹೇಳಿದ್ದೇವೆ.

ಮೊದಲು ಊರು, ಆಮೇಲೆ ನದಿ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಗದ್ವಾಲ ಸೀಮೆಗೆ ಅಲ್ಲಿನವರು ನಡಿಗಡ್ಡ ಎನ್ನುತ್ತಾರೆ. ನಮ್ಮ ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ: ಹೈದರಾಬಾದ್ ರಾಜ್ಯದ ಕಾಲದಲ್ಲಿ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಸಂತೆ, ಸಂಬಂಧ, ಜಾತ್ರೆ ಗಡಿ ನೋಡಿ ನಡೆದಿಲ್ಲ. ಆದ್ದರಿಂದ ಈ ಸುತ್ತಾಟ ನಮಗೆ ಪರಊರಿನದಲ್ಲ, ಪಕ್ಕದ ಮನೆಯದು.

ಕೋಟೆಯನ್ನು ಬಿಸಿಲು ಇಳಿಮುಖವಾಗುವಾಗ, ಮೂರು ಗಂಟೆ ಸುಮಾರಿಗೆ ನೋಡಿ. ಗದ್ವಾಲ ಸಂಸ್ಥಾನದ ಸೋಮನಾದ್ರಿ, ಅಂದರೆ ಪೆದ್ದ ಸೋಮಭೂಪಾಲ, ಕಟ್ಟಿಸಿದ ಕೋಟೆ ಇದು. ಒಳಗೆ ಚೆನ್ನಕೇಶವಸ್ವಾಮಿ ಗುಡಿ ಇದೆ. ಸಂಸ್ಥಾನದ ಕೊನೆಯ ಕಾಲದಲ್ಲಿ ಆಡಳಿತ ನಡೆಸಿದ ಮಹಾರಾಣಿ ಆದಿಲಕ್ಷ್ಮಿ ದೇವಮ್ಮನವರ ಹೆಸರಿನ ಕಾಲೇಜು ಕೂಡ ಕೋಟೆಯೊಳಗೇ ನಡೆದುಕೊಂಡು ಬಂದಿದೆ. ಕವಿಗಳನ್ನೂ ಪಂಡಿತರನ್ನೂ ಕರೆಸಿ ಸನ್ಮಾನಿಸುತ್ತಿದ್ದ ಈ ಸಂಸ್ಥಾನಕ್ಕೆ 'ವಿದ್ವದ್ಗದ್ವಾಲ' ಎಂಬ ಹೆಸರೇ ಇತ್ತು. ಗೋಡೆಗಳು ಅಲ್ಲಲ್ಲಿ ಶಿಥಿಲವಾಗಿವೆ. ಮಕ್ಕಳನ್ನು ಮೇಲೆ ಹತ್ತಲು ಬಿಡಬೇಡಿ. ಒಂದು ತಾಸು ಸಾಕು.

ಅಲ್ಲಿಂದ ನೇಕಾರರ ಮನೆ. ಗದ್ವಾಲ ಸೀರೆಯನ್ನು ಅಂಗಡಿಯಲ್ಲಿ ನೋಡುವುದಕ್ಕಿಂತ ಮಗ್ಗದ ಮೇಲೆ ನೋಡಿದರೆ ಅದರ ಬೆಲೆ ತಾನಾಗಿ ತಿಳಿಯುತ್ತದೆ. ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಹತ್ತಿಯ ಒಡಲಿಗೂ ರೇಷ್ಮೆ ಅಂಚಿಗೂ ಬೇರೆ ಬೇರೆ ಲಾಳಿ. ಅವೆರಡರ ಹೊಕ್ಕಿನ ಎಳೆ ಸೇರುವ ಕಡೆ ಪ್ರತಿ ಸಾಲಿನಲ್ಲೂ ಕೈಯಿಂದ ಒಂದಕ್ಕೊಂದು ಸಿಕ್ಕಿಸಬೇಕು. ಅದಕ್ಕೇ ಒಂದು ಮಗ್ಗಕ್ಕೆ ಸಾಮಾನ್ಯವಾಗಿ ಇಬ್ಬರ ಕೈ ಬೇಕು. ನಮ್ಮ ಇಳಕಲ್ಲಿನಲ್ಲೂ ಜೋಡಿಸುವ ಕೆಲಸ ಉಂಟು. ಆದರೆ ಅಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುತ್ತಾರೆ, ಸೀರೆಗೆ ಒಂದೇ ಸಲ. ಗದ್ವಾಲದಲ್ಲಿ ಅಂಚಿನುದ್ದಕ್ಕೂ ಹಾಕಬೇಕು. ಈ ಸೀರೆಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕೊಳ್ಳುವವರು ಸೀರೆ ತಿರುವಿ ಹಾಕಿ, ಒಡಲೂ ಅಂಚೂ ಕೂಡುವ ಸಾಲನ್ನು ಹಿಂಬದಿಯಿಂದ ನೋಡಿ. ಎಳೆಗಳು ಸಿಕ್ಕಿಕೊಂಡಿರುವುದು ಅಲ್ಲಿ ಕಾಣುತ್ತದೆ. ಮುಕ್ಕಾಲು ಗಂಟೆ ಇಲ್ಲಿಗೆ ಇರಲಿ.

ಅಣೆಕಟ್ಟಿನ ಮೇಲೆ ಸೂರ್ಯಾಸ್ತ

ಊರು ಬಿಟ್ಟು ರೇವುಲಪಲ್ಲಿ ಕಡೆಗೆ ಹೊರಟರೆ ಜೂರಾಲ. ಪೂರ್ತಿ ಹೆಸರು ಪ್ರಿಯದರ್ಶಿನಿ ಜೂರಾಲ ಯೋಜನೆ. ಕೃಷ್ಣಾ ನದಿ ಕರ್ನಾಟಕ ಬಿಟ್ಟು ತೆಲಂಗಾಣಕ್ಕೆ ಬಂದ ಮೇಲೆ ಸಿಗುವ ಮೊದಲ ದೊಡ್ಡ ಅಣೆಕಟ್ಟು. 1981ರಲ್ಲಿ ಅಡಿಗಲ್ಲು ಬಿದ್ದು, 1995ರ ಹೊತ್ತಿಗೆ ನೀರು ನಿಲ್ಲಿಸುವ ಹಂತಕ್ಕೆ ಬಂತು. ಎತ್ತರ ಕಡಿಮೆ, ಅಗಲ ಬಹಳ. ಅರವತ್ತಕ್ಕೂ ಹೆಚ್ಚು ಗೇಟುಗಳು ಸಾಲಾಗಿ ನಿಂತಿವೆ. ಎರಡೂ ಬದಿಯ ಕಾಲುವೆಗಳ ಕೆಳಗೆ ಸುಮಾರು ಒಂದು ಲಕ್ಷ ಎಕರೆ ನೀರಾವರಿ. ಇವಲ್ಲದೆ ಭೀಮಾ, ನೆಟ್ಟೆಂಪಾಡು, ಕೋಯಿಲಸಾಗರ ಏತ ನೀರಾವರಿಗಳಿಗೂ ಇಲ್ಲಿಂದಲೇ ನೀರು ಎತ್ತುತ್ತಾರೆ. ವಿದ್ಯುತ್ ಘಟಕದಲ್ಲಿ 39 ಮೆಗಾವಾಟಿನ ಆರು ಯಂತ್ರಗಳು, ಒಟ್ಟು 234 ಮೆಗಾವಾಟ್. ಹಿನ್ನೀರು ಕರ್ನಾಟಕದ ನೆಲವನ್ನೂ ಮುಟ್ಟುವುದರಿಂದ ಇಲ್ಲಿ ಹುಟ್ಟುವ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆ.

ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿ ನಿಂತು ಮೇಲ್ಬದಿಗೆ ಮುಖ ಮಾಡಿದರೆ ಹಿನ್ನೀರಿನ ಆಚೆ ಹೊತ್ತು ಮುಳುಗುತ್ತದೆ. ಡಿಸೆಂಬರಿನಲ್ಲಿ ಐದೂ ಮುಕ್ಕಾಲರ ಸುಮಾರಿಗೆ, ಜೂನ್‌ನಲ್ಲಿ ಆರೂ ಮುಕ್ಕಾಲು ದಾಟಿದ ಮೇಲೆ. ಅದಕ್ಕೆ ಅರ್ಧ ಗಂಟೆ ಮುಂಚೆ ಅಲ್ಲಿರುವ ಹಾಗೆ ಹೊರಡಿ. ಗೇಟು ತೆರೆದು ನೀರು ಧುಮ್ಮಿಕ್ಕುವುದನ್ನು ನೋಡಬೇಕೆಂದರೆ ಆಗಸ್ಟ್‌ನಿಂದ ಅಕ್ಟೋಬರ್. ಶಾಂತ ನೀರು, ತಂಪು ಗಾಳಿ ಸಾಕೆಂದರೆ ನವೆಂಬರ್‌ನಿಂದ ಫೆಬ್ರವರಿ.

ಕೆರೆಯಂತೆ ಕಾಣುತ್ತದೆ, ಕೆರೆಯಲ್ಲ

ಈಗ ದೋಣಿಯ ಪ್ರಶ್ನೆ. ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ.

ಜೂರಾಲ ಜಲಾಶಯ ತುಂಬಿದಾಗ ಹಿಡಿಯುವ ನೀರು ಸುಮಾರು 9.66 ಟಿಎಂಸಿ ಅಡಿ. ಮೇಲಿರುವ ಆಲಮಟ್ಟಿ ಹಿಡಿಯುವುದು 123 ಟಿಎಂಸಿ, ನಾರಾಯಣಪುರದ ಬಸವಸಾಗರ 33 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಮೇಲಿನಿಂದ ಒಂದು ಲಕ್ಷ ಕ್ಯುಸೆಕ್ ಬರುತ್ತಿದ್ದರೆ ಒಂದು ದಿನಕ್ಕೆ 8.64 ಟಿಎಂಸಿ ಆಯಿತು. ಅಂದರೆ ಹೆಚ್ಚುಕಡಿಮೆ ಜೂರಾಲದ ಹೊಟ್ಟೆಯಷ್ಟು ನೀರು ಒಂದೇ ದಿನದಲ್ಲಿ ಬಂದು ಹೋಗಬೇಕು. ಮೂರು ಲಕ್ಷ ಕ್ಯುಸೆಕ್ ಬಂದರೆ ಒಂಬತ್ತು ತಾಸು ಸಾಕು. ಮಳೆಗಾಲದಲ್ಲಿ ಮೂರು ಲಕ್ಷ ಎಂಬುದು ಕೃಷ್ಣೆಗೆ ಅಪರೂಪದ ಮಾತಲ್ಲ. ಇದರ ಮೇಲೆ ತಂಗಿಡಿ ಸಂಗಮದಲ್ಲಿ ಭೀಮಾ ನದಿ ಬಂದು ಸೇರುತ್ತದೆ. ಅದರ ನೀರು ಆಲಮಟ್ಟಿ, ನಾರಾಯಣಪುರ ಎರಡಕ್ಕೂ ಸಂಬಂಧವಿಲ್ಲದೆ ಬರುವಂಥದ್ದು.

ಹೀಗಾಗಿ ಜೂರಾಲವನ್ನು ನೀರು ನಿಲ್ಲಿಸಿಕೊಳ್ಳುವ ಕೆರೆ ಎನ್ನುವುದಕ್ಕಿಂತ ನೀರು ಹಾದುಹೋಗುವ ಪಡಸಾಲೆ ಎನ್ನುವುದು ಸರಿ. ಬೆಳಗ್ಗೆ ತಟಸ್ಥವಾಗಿ ಕಂಡ ನೀರು ಸಂಜೆ ಗೇಟು ಎತ್ತಿದ ಮೇಲೆ ಸೆಳವು ಹಿಡಿಯುತ್ತದೆ. ಆ ಸೆಳವು ಎಳೆಯುವುದು ಗೇಟಿನ ಕಡೆಗೇ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಕಾಲುವೆ, ಏತ, ವಿದ್ಯುತ್ತಿಗೆ ನೀರು ಹೋಗಿ ಮಟ್ಟ ಇಳಿಯುತ್ತದೆ. ನಿನ್ನೆ ಮುಳುಗಿದ್ದ ಬಂಡೆ ಇಂದು ನೀರಿನ ಒಂದು ಗೇಣು ಕೆಳಗಿರುತ್ತದೆ. ಹಗಲಿನಲ್ಲಿ ನದಿ ಬಲ್ಲ ಅಂಬಿಗ ಅದನ್ನು ತಪ್ಪಿಸಬಲ್ಲ. ಕತ್ತಲಲ್ಲಿ, ಊಟದ ತಟ್ಟೆ ಹಿಡಿದ ಐವತ್ತು ಜನರಿರುವ ದೋಣಿ ಅದನ್ನು ತಪ್ಪಿಸುವುದು ಬೇರೆ ಮಾತು.

ಊಟದ ದೋಣಿ ಎಲ್ಲಿ ನಡೆಯುತ್ತದೆ, ಹೇಗೆ ನಡೆಯುತ್ತದೆ

ಊಟದ ದೋಣಿಗಳು ಚೆನ್ನಾಗಿ ನಡೆಯುವ ಜಾಗಗಳನ್ನು ನೋಡಿ. ವಿಜಯವಾಡದಲ್ಲಿ ಇದೇ ಕೃಷ್ಣೆ. ಆದರೆ ಪ್ರಕಾಶಂ ಬ್ಯಾರೇಜು ಭವಾನಿ ದ್ವೀಪದ ಸುತ್ತಿನ ನೀರನ್ನು ವರ್ಷದ ಬಹುಭಾಗ ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಹೈದರಾಬಾದಿನ ಹುಸೇನ್ ಸಾಗರ ಕೆರೆ, ಅಲ್ಲಿ ಹರಿವೇ ಇಲ್ಲ. ಪಣಜಿಯ ಮಾಂಡವಿ ಸಮುದ್ರಕ್ಕೆ ಹತ್ತಿರದ ಅಳಿವೆ, ಉಬ್ಬರ ಇಳಿತದ ಹೊತ್ತು ಮೊದಲೇ ಗೊತ್ತಿರುತ್ತದೆ. ಮೂರೂ ಕಡೆ ಪಕ್ಕಾ ಜಟ್ಟಿ ಇದೆ, ದಡದಲ್ಲಿ ದೀಪ ಇದೆ, ಕೂಗಿದರೆ ಬರುವಷ್ಟು ಹತ್ತಿರ ಬೇರೆ ದೋಣಿಗಳಿವೆ. ಅಡುಗೆ ಸಾಮಾನ್ಯವಾಗಿ ದಡದಲ್ಲೇ ಆಗಿ, ಬಿಸಿ ಪಾತ್ರೆಗಳಲ್ಲಿ ದೋಣಿಗೆ ಬರುತ್ತದೆ. ದೋಣಿ ದೂರವೇನೂ ಹೋಗುವುದಿಲ್ಲ, ಒಂದೆರಡು ಗಂಟೆ ಅಲ್ಲೇ ನಿಧಾನವಾಗಿ ಸುತ್ತು ಹಾಕುತ್ತದೆ.

ಎರಡು ಮಹಡಿಯ ದೋಣಿಗೆ ಇರುವ ದೊಡ್ಡ ಅಪಾಯ ನೀರಿಗಿಂತ ಹೆಚ್ಚಾಗಿ ಜನರ ನಡೆಯಿಂದ. ಮೇಲಿನ ಮಹಡಿಯಲ್ಲಿ ಜನ ಹೆಚ್ಚಾದಷ್ಟೂ ಭಾರ ಮೇಲಕ್ಕೆ ಹೋಗುತ್ತದೆ. ಏನೋ ನೋಡಲು ಎಲ್ಲರೂ ಒಂದೇ ಬದಿಗೆ ಧಾವಿಸಿದರೆ ದೋಣಿ ವಾಲುತ್ತದೆ. 2017ರ ನವೆಂಬರ್ 12ರ ಸಂಜೆ ವಿಜಯವಾಡದ ಬಳಿ ಪವಿತ್ರ ಸಂಗಮಕ್ಕೆ ಹೊರಟ ಪ್ರವಾಸಿ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2019ರ ಸೆಪ್ಟೆಂಬರ್ 15ರಂದು ಗೋದಾವರಿ ತುಂಬಿ ಹರಿಯುತ್ತಿದ್ದಾಗ ಪಾಪಿಕೊಂಡಲು ನೋಡಲು ಹೊರಟ ದೋಣಿ ಕಚ್ಚುಲೂರಿನ ಬಳಿ ಮುಳುಗಿತು. ಸತ್ತವರು ಐವತ್ತರಷ್ಟು. ಇಬ್ಬರದೂ ನಮ್ಮ ಹಾಗೇ ರಜೆಯ ಸುತ್ತಾಟ.

ನಮ್ಮ ನದಿಯಲ್ಲೂ ಇಂಥದ್ದು ನಡೆದಿದೆ. ಜೂರಾಲದ ಮೇಲ್ಭಾಗದಲ್ಲಿ ರಾಯಚೂರು ತಾಲ್ಲೂಕಿಗೆ ಸೇರಿದ ನಡುಗಡ್ಡೆಗಳಿವೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ ಕುರವಪುರ ನಮಗೆಲ್ಲ ಗೊತ್ತು. ಮಕ್ತಲ್ ಕಡೆಯ ಭಕ್ತರು ಪಂಚದೇವಪಹಾಡಕ್ಕೆ ಬಂದು ಅಲ್ಲಿಂದ ನೀರು ದಾಟುತ್ತಾರೆ. ನಡುಗಡ್ಡೆಯ ಜನರಿಗೆ ಅದೇ ದಾರಿ ಸಂತೆಗೂ ಆಸ್ಪತ್ರೆಗೂ. 2020ರ ಆಗಸ್ಟ್‌ನಲ್ಲಿ ಕುರ್ವಕುಲದ ಜನ ಸಂತೆ ಮುಗಿಸಿ ಊರಿಗೆ ಮರಳುತ್ತಿದ್ದ ತೆಪ್ಪ ಮಗುಚಿ ಕೆಲವರು ನೀರುಪಾಲಾದರು. ಹುಟ್ಟಿನಿಂದ ಈ ನೀರು ನೋಡಿದವರಿಗೇ ಹೀಗಾದರೆ, ವರ್ಷಕ್ಕೊಮ್ಮೆ ಬರುವ ನಾವು ಕತ್ತಲಲ್ಲಿ ಇಳಿಯುವುದು ಸಲ್ಲದು. ಅವರಿಗೆ ಬೇರೆ ದಾರಿಯಿಲ್ಲ, ನಮಗೆ ಇದೆ. ಕುರವಪುರಕ್ಕೆ ಹೋಗುವ ಸದಸ್ಯರು ಬೇರೊಂದು ದಿನ ಬೆಳಗ್ಗೆ ಹೋಗಿ, ಬೆಳಕಿರುವಾಗಲೇ ಈಚೆ ದಡ ಸೇರಿ. ಈ ಸಂಜೆಯ ಜೊತೆ ಅದನ್ನು ಗಂಟು ಹಾಕಬೇಡಿ.

ದಂಡೆಯ ಊಟ

ಜೂರಾಲದ ಹೆಸರು ಹೇಳಿದರೆ ಈ ಸೀಮೆಯವರ ಬಾಯಲ್ಲಿ ಮೊದಲು ಬರುವುದು ಮೀನು. ಅಣೆಕಟ್ಟಿನ ಹತ್ತಿರದ ಸಾಲು ಹೋಟೆಲುಗಳಲ್ಲಿ ಮಸಾಲೆ ಹಚ್ಚಿ ಕರಿದ ಮೀನು ಬಿಸಿಬಿಸಿಯಾಗಿ ಸಿಗುತ್ತದೆ. ಮೀನನ್ನು ಎದುರಿಗೇ ಆರಿಸಿ, ತೂಗಿಸಿ, ದರ ಮೊದಲೇ ಮಾತಾಡಿಕೊಳ್ಳಿ. ಕಿವಿರು ಕೆಂಪಗಿದ್ದು, ಕಣ್ಣು ಹೊಳೆಯುತ್ತಿದ್ದರೆ ಮೀನು ತಾಜಾ. ಕರಿದ ಎಣ್ಣೆ ಕಪ್ಪಾಗಿದ್ದರೆ ಮುಂದಿನ ಅಂಗಡಿ ನೋಡಿ.

ಸಸ್ಯಾಹಾರಿಗಳು ಬುತ್ತಿ ತರುವುದು ಒಳ್ಳೆಯದು, ಏಕೆಂದರೆ ಅಲ್ಲಿ ಮೀನು ಕರಿದ ಬಾಣಲೆಯಲ್ಲೇ ಬಜ್ಜಿಯೂ ಬೇಯಬಹುದು. ಕಟಕ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದರೆ ನದಿದಂಡೆಯಲ್ಲಿ ಕೂತು ಉಣ್ಣಲು ಇನ್ನೇನು ಬೇಕು? ಕುಡಿಯುವ ನೀರು ಮನೆಯಿಂದಲೇ ತನ್ನಿ. ಎಲೆ, ಲೋಟ, ಎಂಜಲು ನದಿಗೆ ಬೀಳದಂತೆ ಒಂದು ಚೀಲದಲ್ಲಿ ಕಟ್ಟಿಕೊಂಡು ಹೋಗಿ. ಈ ನೀರನ್ನೇ ಕೆಳಗಿನ ಊರುಗಳು ಕುಡಿಯುತ್ತವೆ.

ಹೊರಡುವ ಮುನ್ನ

ನಾರಾಯಣಪೇಟೆ, ಮಕ್ತಲ್ ಕಡೆಯವರು ಅಮರಚಿಂತ, ಆತ್ಮಕೂರು ದಾರಿಯಾಗಿ ಬಂದರೆ ಅಣೆಕಟ್ಟಿನ ಮೇಲಿಂದಲೇ ಗದ್ವಾಲಕ್ಕೆ ದಾಟುತ್ತಾರೆ. ಸಂಜೆ ಜೂರಾಲ ಅವರಿಗೆ ಮರಳುವ ದಾರಿಯಲ್ಲೇ ಸಿಗುತ್ತದೆ. ರಾಯಚೂರಿನವರಿಗೆ ಗದ್ವಾಲದವರೆಗೆ ರೈಲು ಇದೆ. ಆದರೆ ರಾತ್ರಿ ವಾಪಸ್ಸಿಗೆ ರೈಲನ್ನು ನೆಚ್ಚಿಕೊಳ್ಳದೆ ಬಾಡಿಗೆ ವಾಹನ ಮೊದಲೇ ಗೊತ್ತು ಮಾಡಿಕೊಳ್ಳಿ.

ಮಳೆಗಾಲದಲ್ಲಿ ಹೊರಡುವ ದಿನ ಬೆಳಗ್ಗೆ ಜೂರಾಲದ ಒಳಹರಿವು ಎಷ್ಟು ಎಂದು ಪತ್ರಿಕೆಯಲ್ಲೋ ಟಿವಿಯಲ್ಲೋ ನೋಡಿ. ಮೇಲಿನ ಲೆಕ್ಕ ನೆನಪಿದ್ದರೆ ಆ ಅಂಕಿ ಏನು ಹೇಳುತ್ತಿದೆ ಎಂದು ನಿಮಗೇ ತಿಳಿಯುತ್ತದೆ. ನೀರು ಹೆಚ್ಚಿದ್ದಾಗ ಪೊಲೀಸರು ಅಣೆಕಟ್ಟಿನ ಮೇಲೆ ವಾಹನ ನಿಲ್ಲಿಸಲು ಬಿಡದಿದ್ದರೆ ವಾದ ಮಾಡಬೇಡಿ.

ಅಣೆಕಟ್ಟಿನ ಕೆಳಬದಿಯ ಬಂಡೆಗಳ ಮೇಲೆ ಫೋಟೊಗಾಗಿ ಯಾರೂ ಇಳಿಯಬಾರದು. ಗೇಟು ಮುಚ್ಚಿದ್ದರೂ ವಿದ್ಯುತ್ ಯಂತ್ರ ಶುರುವಾದರೆ ಕೆಳಗೆ ನೀರು ಏರುತ್ತದೆ. ಮಕ್ಕಳ ಮೇಲೆ ಕಣ್ಣಿಡಲು ಪ್ರತಿ ಹತ್ತು ಜನಕ್ಕೆ ಒಬ್ಬ ಹಿರಿಯರನ್ನು ನೇಮಿಸಿಕೊಳ್ಳಿ, ಊಟಕ್ಕೆ ಕೂರುವ ಮುಂಚೆ, ಗಾಡಿ ಹತ್ತುವ ಮುಂಚೆ ತಲೆ ಎಣಿಸಿ.

ದೋಣಿಯಲ್ಲೇ ಊಟ ಆಗಬೇಕೆಂಬ ಆಸೆಯಿದ್ದವರು ವಿಜಯವಾಡಕ್ಕೋ ಹೈದರಾಬಾದಿಗೋ ಹೋದಾಗ ಅದನ್ನು ತೀರಿಸಿಕೊಳ್ಳಬಹುದು. ಅಲ್ಲಿಯೂ ಮೂರು ವಿಷಯ ಕೇಳಿಯೇ ಹತ್ತಿ. ದೋಣಿಗೆ ನೋಂದಣಿ, ತಪಾಸಣೆ ಆಗಿದೆಯೇ? ಎಷ್ಟು ಜನರಿಗೆ ಅನುಮತಿ, ಈಗ ಎಷ್ಟು ಜನ ಇದ್ದಾರೆ? ಮಕ್ಕಳ ಅಳತೆಯದೂ ಸೇರಿ ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇದೆಯೇ? ಜಾಕೆಟ್ ಬೆಂಚಿನ ಕೆಳಗಿದ್ದರೆ ಸಾಲದು, ಮೈಮೇಲೆ ಇರಬೇಕು. ಮೂರರಲ್ಲಿ ಒಂದಕ್ಕೆ ಸರಿಯಾದ ಉತ್ತರ ಬಾರದಿದ್ದರೆ ದಡದಲ್ಲೇ ಊಟ ಮಾಡಿ ಬನ್ನಿ.