ಎಕರೆ ಲೆಕ್ಕ, ಮಲ್ಲಿಗೆ ಲೆಕ್ಕ

"ರೋಡ್ ಉಂಟು, ಬಾವಿ ಉಂಟು, ಒಟ್ಟು ಐದೆಕ್ರೆ ಮಾರಾಯ್ರೆ" ಎಂದು ಬ್ರೋಕರ್ ಹೇಳಿದ ಕೂಡಲೇ ಉಡುಪಿ ಜಿಲ್ಲೆಯ ಇನ್ನಂಜೆ, ಬಂಟಕಲ್ಲು, ಶಿರ್ವದ ಕಡೆಯವರು ಕೇಳುವ ಮೊದಲ ಮಾತು: "ವರ್ಗ ಎಷ್ಟು, ಕುಮ್ಕಿ ಎಷ್ಟು?" ಮುಂಬೈ ಬಳಿಯ ಡೊಂಬಿವಲಿಯಲ್ಲೋ ಬೆಂಗಳೂರಿನ ಜೆ.ಪಿ. ನಗರದಲ್ಲೋ ಫ್ಲಾಟ್ ಮಾರಿ ಬರುವವರಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ. ಕಾರು ಅಂಗಳದವರೆಗೆ ಬರುತ್ತದಾ, ನೆಟ್‌ವರ್ಕ್ ಸಿಗುತ್ತದಾ, ಮಣಿಪಾಲದ ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ವಿಚಾರಿಸುತ್ತಾರೆ. ಕೇಳಬೇಕಾದದ್ದೇ. ಆದರೆ ಐದೆಕರೆಯಲ್ಲಿ ಪಹಣಿಗೆ ಹತ್ತಿದ್ದು ಎರಡೇ ಎಕರೆ ಎಂದು ತಿಳಿಯುವ ಹೊತ್ತಿಗೆ ಅಡ್ವಾನ್ಸ್ ಕೈ ಬದಲಾಗಿರುತ್ತದೆ.

ಕುಮ್ಕಿ ಎಂದರೆ ಹಳೆಯ ವರ್ಗ (ಪಟ್ಟಾ) ಜಮೀನಿಗೆ ತಾಗಿಕೊಂಡು ನೂರು ಗಜದೊಳಗೆ ಇರುವ ಸರಕಾರಿ ಜಾಗ. ಸೊಪ್ಪು, ಸೌದೆ, ಕೃಷಿಗೆ ಬೇಕಾದ ಮರಮಟ್ಟು ತೆಗೆದುಕೊಳ್ಳುವ ಸವಲತ್ತು ವರ್ಗದಾರನಿಗೆ ಉಂಟು. ಮಾರುವ ಹಕ್ಕಿಲ್ಲ. 1964ರ ಭೂಕಂದಾಯ ಕಾಯ್ದೆಯೂ ಈ ಸವಲತ್ತನ್ನು ಹಾಗೆಯೇ ಉಳಿಸಿಕೊಂಡಿತು. ಕರಾವಳಿಯವರಿಗೆ ಇದು ಬಾಲಪಾಠ, ಹೊರಗಿನವರಿಗೆ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗದ ಒಗಟು.

ಹೊರಗಿನವರು ಹೀಗೆ ರಾಜಾರೋಷವಾಗಿ ಗದ್ದೆ ತೋಟ ಕೊಳ್ಳಲು ದಾರಿ ತೆರೆದದ್ದು 2020ರ ತಿದ್ದುಪಡಿ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು, ಅದೂ 1974ರಿಂದಲೇ ಪೂರ್ವಾನ್ವಯವಾಗುವಂತೆ. ಅದಕ್ಕೆ ಮೊದಲು ಕೊಳ್ಳುವವರು ಕೃಷಿಕರಾಗಿರಬೇಕಿತ್ತು, ಕೃಷಿಯೇತರ ಆದಾಯಕ್ಕೂ ಮಿತಿ ಇತ್ತು. ವರ್ಷಕ್ಕೆ 2 ಲಕ್ಷ ಇದ್ದದ್ದನ್ನು 2015ರಲ್ಲಿ 25 ಲಕ್ಷಕ್ಕೆ ಏರಿಸಿದ್ದರು. ಆಗ ಊರಿಗೆ ಮರಳುವ ಆಸೆಯಿದ್ದವರು ಅಜ್ಜಿಯ ಹೆಸರಿನಲ್ಲಿದ್ದ ಹತ್ತು ಸೆಂಟ್ಸಿನ ಪಹಣಿ ಹುಡುಕಿ ತಂದು "ನಾವೂ ಕೃಷಿಕರೇ" ಎನ್ನಬೇಕಿತ್ತು. ಈಗ ಅಜ್ಜಿಯ ಹಂಗಿಲ್ಲ.

ಕಾನೂನು ಸಡಿಲಾದರೂ ನೆಲ ದೊಡ್ಡದಾಗಲಿಲ್ಲ. 1974ರಲ್ಲಿ ದೇವರಾಜ ಅರಸು ಸರಕಾರ ಗೇಣಿ ಪದ್ಧತಿ ರದ್ದು ಮಾಡಿದಾಗ, ಉಡುಪಿಯೂ ಸೇರಿದ್ದ ಅಂದಿನ ದಕ್ಷಿಣ ಕನ್ನಡದಲ್ಲಿ ಗೇಣಿದಾರರು ಡಿಕ್ಲರೇಷನ್ ಹಾಕಿ ಒಡೆಯರಾದರು. ಬಳಿಕ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಹಾಗಾಗಿ ಇಲ್ಲಿಯ ಹೆಚ್ಚಿನ ಮನೆಗಳಿಗೆ ಲೆಕ್ಕ ಸೆಂಟ್ಸಿನಲ್ಲಿ. ಅಷ್ಟರಲ್ಲೇ ಬದುಕು ಹೇಗೆ ನಡೆಯಿತು ಎಂದು ನೋಡಬೇಕಾದರೆ ನಸುಕಿಗೆ ಎದ್ದು ಇನ್ನಂಜೆ ಪಕ್ಕದ ಶಂಕರಪುರಕ್ಕೆ ಹೋಗಬೇಕು.

ಬೆಳಕು ಹರಿಯುವ ಮುಂಚೆ ಮನೆಯ ಹೆಂಗಸರು ಮಲ್ಲಿಗೆ ಗಿಡಗಳ ನಡುವೆ ಇರುತ್ತಾರೆ. ಅರಳುವ ಮೊದಲೇ ಮೊಗ್ಗು ಕೊಯ್ಯಬೇಕು. ಆಮೇಲೆ ಜಗಲಿಯಲ್ಲಿ ಕೂತು, ನೆನೆಸಿದ ಬಾಳೆನಾರಿನಲ್ಲಿ ಕಟ್ಟುವ ಕೆಲಸ. ಕೈ ನೋಡುವುದಕ್ಕೆ ಹೋದರೆ ನಮ್ಮ ಕಣ್ಣೇ ಸೋಲುತ್ತದೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನದ ದರ ಅಟ್ಟೆಯ ಮೇಲೆ. ಬೇಸಗೆಯಲ್ಲಿ ಹೂ ರಾಶಿ, ದರ ನೆಲಕ್ಕೆ. ಚೌತಿ, ನವರಾತ್ರಿಗೆ ದರ ಆಕಾಶಕ್ಕೆ, ಗಿಡದಲ್ಲಿ ಹೂವಿಲ್ಲ. ಹೀಗಿದ್ದೂ ಮಕ್ಕಳ ಫೀಸು, ಮಗಳ ಮದುವೆಯ ಚಿನ್ನ, ಸೊಸೈಟಿಯ ಕಂತು ಎಲ್ಲ ಹುಟ್ಟಿದ್ದು ಅಂಗಳದ ಬದಿಯ ಈ ಗಿಡಗಳಿಂದ. ಭೌಗೋಳಿಕ ಸೂಚ್ಯಂಕದ ಪಟ್ಟಿಗೆ ಸೇರಿದ 'ಉಡುಪಿ ಮಲ್ಲಿಗೆ' ಇದೇ.

ನನ್ನ ತಕರಾರು ಇರುವುದು ಇಲ್ಲಿ. ಫ್ಲಾಟ್ ಮಾರಿದ ದುಡ್ಡು ಕೈಯಲ್ಲಿದ್ದವರು ಹುಡುಕುವುದು ವಿಸ್ತಾರ. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಮೂರೂ ಸೇರಿದ ದೊಡ್ಡ ಜಾಗ ಬೇಕು, ಮೇಲೆ ಗುಡ್ಡದಲ್ಲಿ ಮನೆ, ಕೆಳಗೆ ಹಸಿರು ಗದ್ದೆ ಕಾಣಬೇಕು. ಗದ್ದೆ ಹಸಿರಾಗಿ ಕಾಣಬೇಕಾದರೆ ಯಾರಾದರೂ ನೇಜಿ ನೆಡಬೇಕಲ್ಲ! ಮನೆಯಲ್ಲಿರುವುದು ಇಬ್ಬರು, ಒಬ್ಬರಿಗೆ ಲ್ಯಾಪ್‌ಟಾಪ್, ಇನ್ನೊಬ್ಬರಿಗೆ ಮಂಡಿನೋವು. ಊರಿನ ಆಳುಗಳಲ್ಲಿ ಗಟ್ಟಿಮುಟ್ಟಾದವರು ಆಗಲೇ ಮುಂಬೈ, ಗಲ್ಫ್ ಸೇರಿದ್ದಾರೆ. ನಾಟಿ ಯಂತ್ರಕ್ಕೆ ಸರದಿ ಕಾಯಬೇಕು. ಪೈರು ಬಂದರೆ ನವಿಲು, ಕಾಡುಹಂದಿ ಪಾಲು ಕೇಳುತ್ತವೆ. ಮೂರನೆಯ ಮಳೆಗಾಲಕ್ಕೆ ಗದ್ದೆ ಹಡಿಲು, ಅಂದರೆ ಪಾಳು. ಊರಿನವರೇ ಬಿಟ್ಟ ಹಡಿಲು ಗದ್ದೆಗಳನ್ನು ಎಬ್ಬಿಸಲು ಉಡುಪಿಯಲ್ಲಿ 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಕಟ್ಟಿ, ಸಂಘ ಸಂಸ್ಥೆಗಳವರನ್ನೆಲ್ಲ ಕೆಸರಿಗಿಳಿಸಿ, 'ಕೇದಾರ ಕಜೆ' ಎಂಬ ಅಕ್ಕಿ ಮಾರಬೇಕಾಯಿತು. ಅಷ್ಟು ಜನ ಸೇರಿ ಮಾಡಿದ್ದನ್ನು ದಂಪತಿ ಇಬ್ಬರೇ ಮಾಡಿಯಾರೇ?

ಸ್ವಂತ ಕೈಯಲ್ಲಿ ಎಷ್ಟಾಗುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲೇ ಅಳತೆಗೋಲು ಉಂಟು. ಬ್ರಹ್ಮಾವರದ ಕಡೆಯ ಚೇರ್ಕಾಡಿ ರಾಮಚಂದ್ರ ರಾವ್ ಗಾಂಧಿವಾದಿ. ತನ್ನ ಅನ್ನ ತಾನೇ ಬೆಳೆಯಬೇಕೆಂಬ ಹಟದವರು. ಭತ್ತ ಬೆಳೆಯುವ ಅವರ ಹೊಸ ಪದ್ಧತಿಗೆ ಊರಿನ ಹೆಸರೇ ಬಿತ್ತು. ಅವರು ಇಡೀ ಬಾಳು ಸವೆಸಿದ್ದು ಸುಮಾರು ಎರಡೂವರೆ ಎಕರೆಯಲ್ಲಿ.

ಹಳೆ ಮನೆಯ ಮೋಹದ ಬಗ್ಗೆಯೂ ಒಂದು ಮಾತು. ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ವಿಜಯನಾಥ ಶೆಣೈ, ವಾರಸುದಾರರು ಕೈಬಿಟ್ಟ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮರುಜೋಡಿಸಿದರು. ಇನ್ನಂಜೆಗೆ ದೂರವೇನಲ್ಲದ ಕುಂಜೂರಿನ ಚೌಕಿಮನೆಯೂ ಅಲ್ಲಿದೆ. ಆಗ ಕಂಬ, ಮುಚ್ಚಿಗೆ ಸೌದೆಯ ಬೆಲೆಗೆ ಹೋಗುತ್ತಿದ್ದವು. ಈಗ ಅಂಥದೇ ಕಂಬ ಕೊಳ್ಳಲು ಮರಳಿದವರ ಸಾಲು. ಕಂಬ ಕೊಳ್ಳಿ, ಬೇಡವೆನ್ನುವುದಿಲ್ಲ. ಮಳೆಗೆ ಮುಂಚೆ ಹಂಚು ಸರಿಮಾಡುವವನ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳಿ, ಅದು ಕಂಬಕ್ಕಿಂತ ದುರ್ಲಭ.

ಪಹಣಿಯಲ್ಲಿ ಕಾಣದ ಇನ್ನೊಂದು ಸಂಗತಿ ಬನದ್ದು. ಜಾಗದ ಮೂಲೆಯಲ್ಲಿ ನಾಗಬನ ಇದ್ದರೆ ಮಾರಿದ ಕುಟುಂಬದವರು ನಾಗರಪಂಚಮಿಗೆ ಹಾಲಿನ ತನು ಎರೆಯಲು ಬಂದೇ ಬರುತ್ತಾರೆ, ಅವರ ಮಕ್ಕಳೂ ಬರುತ್ತಾರೆ. ಗೇಟಿಗೆ ಬೀಗ ಹಾಕಿ ಊರಲ್ಲಿ ಬಾಳಲಾಗದು. ಹಾಗೆ ಬರುವವರಲ್ಲೇ ನಿಮಗೆ ಮೊದಲ ಪರಿಚಯಸ್ಥರು ಸಿಗಬಹುದು ಎಂಬುದು ಬೇರೆ ಮಾತು.

ಜಾಗ ನೋಡಲು ಎಲ್ಲರೂ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಬಾವಿ ಕಟ್ಟೆಯವರೆಗೆ ತುಂಬಿರುತ್ತದೆ, ಮುರಕಲ್ಲಿನ ಮೇಲೂ ಹುಲ್ಲು. ಪತ್ತನಾಜೆಯ ಹೊತ್ತಿಗೆ, ಮೇ ಕೊನೆಯಲ್ಲಿ, ಬಂದು ಅದೇ ಬಾವಿಗೆ ಇಣುಕಿ. ಪಕ್ಕದ ಮನೆಯವರು ಟ್ಯಾಂಕರ್ ತರಿಸುತ್ತಾರಾ ಕೇಳಿ. ನೀರು ಉಂಟಾದರೆ ಇದೇ ಸುತ್ತಿನಲ್ಲಿ ಬಾಡಿಗೆ ಮನೆ ಹಿಡಿದು ಜೂನ್, ಜುಲೈ ಕಳೆಯಿರಿ: ಕರೆಂಟಿಲ್ಲದ ರಾತ್ರಿ, ಒಣಗದ ಬಟ್ಟೆ, ಬೂಷ್ಟು ಹಿಡಿದ ಚಪ್ಪಲಿ ಸಹಿತ. ಅಂಗಳದಲ್ಲಿ ಹತ್ತು ಮಲ್ಲಿಗೆ ಗಿಡ ನೆಟ್ಟು, ನಸುಕಿಗೆ ಏಳುವವರು ಯಾರೆಂದು ಮನೆಯೊಳಗೇ ತೀರ್ಮಾನಿಸಿ. ಡೊಂಬಿವಲಿಯ ಫ್ಲಾಟನ್ನು ಆಮೇಲೆ ಮಾರಿದರಾಯಿತು. ಅದಕ್ಕೆ ಗಿರಾಕಿ ಯಾವಾಗಲೂ ಇದ್ದಾರೆ.